ಎರಡನೆಯ ಎಂಜಿನ್

೮ ಜೂನ್ ೨೦೨೫, ಭಾನುವಾರ

ಇವರು ಬರುತ್ತಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿದ್ದೇನೆ ಎಂದು ಬೆಳಿಗ್ಗೆ ಮೆಸೇಜ್ ಬಂತು. ಕಾರಣ ಒಂದೇ ಸಾಲು: ಬದಲಿ ಆಪರೇಟರ್ ಸಿಗಲಿಲ್ಲ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಎಂಜಿನ್ ಹೇರಿದ ಲಾರಿಯಲ್ಲೇ ಕೂತು ಅಸ್ಸಾಮಿಗೆ ಹೋದವರು. ದಿಬ್ರುಗಢದ ಆಚೆ ಹಳೆಯ ತೈಲಬಾವಿಗಳನ್ನು ರಿಪೇರಿ ಮಾಡುವ ಕಂಪನಿಯೊಂದಕ್ಕೆ ನಮ್ಮ ಎಂಜಿನ್ ಬಾಡಿಗೆಗೆ ಹೋಗಿದೆ. ಮಾಲೂರಿನ ನಮ್ಮ ಶೆಡ್ಡಿನಲ್ಲಿ ಇವರೇ ಬಿಚ್ಚಿ, ಜೋಡಿಸಿ, ಬಣ್ಣ ಹೊಡೆದ ಹನ್ನೆರಡು ಸಿಲಿಂಡರಿನ ಡೀಸೆಲ್ ಎಂಜಿನ್. ಬಾವಿಯೊಳಕ್ಕೆ ಕೆಸರುನೀರು ತಳ್ಳುವ ಪಂಪಿಗೆ ಕಟ್ಟಿದ್ದಾರೆ, ಹಗಲೂ ರಾತ್ರಿ ಓಡುತ್ತದಂತೆ. ಮೂರು ತಿಂಗಳು ಎಂದಿದ್ದರು. ಆಮೇಲೆ ಯುಗಾದಿಗೆ ಎಂದರು. ಆಮೇಲೆ ಮಾವಿನ ಕಾಲಕ್ಕೆ.

ಶ್ರೀನಿವಾಸಪುರದಿಂದ ಅಪ್ಪ ಕಳಿಸಿದ ಬಾದಾಮಿ ಮಾವಿನ ಹಣ್ಣು ಮಂಚದ ಕೆಳಗೆ ಹುಲ್ಲಿನಲ್ಲಿದೆ. ಮನೆಯೆಲ್ಲ ಅದರ ವಾಸನೆ. ಸಂಜೆ ಫೋನ್ ಮಾಡಿ, "ಹಣ್ಣು ಇವತ್ತೇ ಸರಿಯಾಗಿ ಮಾಗಿದೆ ಕಣ್ರೀ, ಯಾರಿಗೆ ಕೊಡ್ಲಿ?" ಎಂದೆ. ದನಿಯಲ್ಲಿದ್ದ ಬೇಸರವನ್ನು ಅವರಿಗೆ ತಿಳಿಯಲಿ ಎಂದೇ ಮುಚ್ಚಿಡಲಿಲ್ಲ. "ಹ್ಞೂಂ, ಆಯ್ತು. ಆಯಿಲ್ ಫಿಲ್ಟರ್ ಕಳಿಸು" ಎಂದು ಇಟ್ಟುಬಿಟ್ಟರು.

ಮನೆಯಲ್ಲಿ ಅತ್ತೆ, ಮಗಳು ಮೇಘನ, ನಾನು. ಮೂವರೂ ಹಣ್ಣು ತಿಂದೆವು. "ಒಚ್ಚೇಸ್ತಾಡು ಲೇಮ್ಮಾ, ಬಂದೇ ಬರ್ತಾನೆ," ಎಂದರು ಅತ್ತೆ, ನನ್ನ ಮುಖ ನೋಡದೆ.

೧೧ ಜೂನ್, ಬುಧವಾರ

ಹೊಸ ವಿಷಯ. ಆ ಕಂಪನಿಯವರು ಇನ್ನೊಂದು ಎಂಜಿನ್ ಕೇಳುತ್ತಿದ್ದಾರೆ. ಸೆಪ್ಟೆಂಬರ್ ಮೊದಲ ವಾರದೊಳಗೆ ಮಾಲೂರು ಬಿಟ್ಟರೆ ಎರಡಕ್ಕೂ ಸೇರಿಸಿ ಎರಡು ವರ್ಷದ ಕರಾರು. ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಕೊಡುವ ಬೇರೆಯವರನ್ನು ನೋಡಿಕೊಳ್ಳುತ್ತಾರೆ, ನಮ್ಮ ಒಂದು ಎಂಜಿನ್ ವಾಪಸ್. ಚೆನ್ನೈಯ ಡೀಲರ್ ಒಬ್ಬರ ಹತ್ತಿರ ಅಂಥದೇ ಎಂಜಿನ್ ಇದೆ. ಇವರು ಮುಂಗಡ ಕೊಟ್ಟು ಶೆಡ್ಡಿಗೆ ತರಿಸಿಯೂ ಬಿಟ್ಟಿದ್ದಾರೆ. ಉಳಿದದ್ದಕ್ಕೆ ಫೈನಾನ್ಸ್ ಆಗಬೇಕು. ಅರ್ಜಿಯಲ್ಲಿ ಇವರ ಹೆಸರಿನ ಕೆಳಗೆ ನನ್ನದು.

ಇದೆಲ್ಲ ಮೆಸೇಜಿನಲ್ಲೇ ಬಂತು, ಉದ್ದಕ್ಕೆ, ಅಚ್ಚುಕಟ್ಟಾಗಿ. ಇಷ್ಟು ಬರೆಯುವ ಪುರುಸೊತ್ತಿರುವವರಿಗೆ ನನ್ನ ಹತ್ತಿರ ಮಾತಾಡಲು ಯಾಕೆ ಆಗುವುದಿಲ್ಲವೋ.

ಕೋಲಾರಕ್ಕೆ ಹೋಗಿ ಬಂದೆ. ಫೈನಾನ್ಸ್ ಆಫೀಸಿನ ಮ್ಯಾನೇಜರು ಶಿವಕುಮಾರ್ ಅಂತ. ಕಾಗದಗಳನ್ನು ತಿರುವಿ ನೋಡಿ ಕನ್ನಡಕ ತೆಗೆದರು.

"ತೈಲಬಾವಿನಾ ಮೇಡಂ? ನಾವು ಜೆಸಿಬಿಗೆ ಕೊಡ್ತೀವಿ, ಟಿಪ್ಪರ್‌ಗೆ ಕೊಡ್ತೀವಿ, ಬೋರ್‌ವೆಲ್ ಲಾರಿಗಂತೂ ಬೇಕಾದಷ್ಟು ಕೊಟ್ಟಿದ್ದೀವಿ. ಇದೇನು ಹೊಸದು?"

"ಇದೂ ಬೋರ್‌ವೆಲ್ ತರಾನೇ ಸರ್. ನೀರಿನ ಬದಲು ಎಣ್ಣೆ."

ನಕ್ಕರು. "ಲಾರಿಗಾದ್ರೆ ನಂಬರ್ ಪ್ಲೇಟ್ ಇರುತ್ತೆ, ಆರ್‌ಸಿ ಬುಕ್ ಇರುತ್ತೆ. ಕಂತು ನಿಂತ್ರೆ ಎಲ್ಲಿದ್ರೂ ಹಿಡ್ಕೊಂಡು ಬರ್ತೀವಿ. ಈ ಎಂಜಿನ್‌ಗೆ ಏನಿದೆ? ನಾಳೆ ಅಸ್ಸಾಮಿನ ಕಾಡಲ್ಲಿ ಯಾವುದೋ ತಗಡಿನ ಕೆಳಗೆ ನಿಂತಿದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

ಇವರನ್ನು ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಇವರು ಯಾವಾಗಲೂ ಹೊರಗಿನ ಸೀಟಿನಲ್ಲಿ ಕೂತು ನನ್ನ ಬ್ಯಾಗ್ ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದದ್ದು ನೆನಪಾಯಿತು.

೨೭ ಜೂನ್, ಶುಕ್ರವಾರ

ಶಿವಕುಮಾರ್ ಶೆಡ್ಡಿಗೆ ಬಂದು ಎಂಜಿನ್ ನೋಡಿದರು. ನಮ್ಮ ಮೆಕ್ಯಾನಿಕ್ ಚಂದ್ರು ಬಾಯಿ ಬಿಡಲು ನಾಚಿಕೆಪಟ್ಟು ಹಿಂದೆ ನಿಂತ. ಹೋದ ವಾರವೆಲ್ಲ ಅವನ ಹತ್ತಿರ ಕೇಳಿ ತಿಳಿದುಕೊಂಡದ್ದನ್ನು ನಾನೇ ಹೇಳಿದೆ. ಎಷ್ಟು ಓಡಿದೆ ಎಂದು ತೋರಿಸುವ ಮೀಟರ್, ಎಂಜಿನ್ನಿನ ಮೈಮೇಲೇ ಕೊರೆದ ನಂಬರ್. "ನಂಬರ್ ಪ್ಲೇಟ್ ಬಿಚ್ಚಿ ಎಸೀಬಹುದು ಸರ್, ಇದನ್ನ ಅಳಿಸೋಕಾಗಲ್ಲ" ಎಂದೆ. ಅವರು ಫೋಟೋ ತೆಗೆದುಕೊಂಡರು.

ಹೋಗುವಾಗ ಷರತ್ತು ಹೇಳಿದರು. ಬಾಡಿಗೆ ಹಣ ನೇರ ಅವರ ಖಾತೆಗೆ ಬರಬೇಕು, ಇದು ಸರಿ. ಇನ್ನೊಂದು, ಮೊದಲ ವರ್ಷ ಪೂರ್ತಿ ನಮ್ಮ ಯಜಮಾನರು, ಮುರಳಿಮೋಹನ್ ಅವರೇ, ಎಂಜಿನ್ ಜೊತೆ ಅಲ್ಲಿರಬೇಕು.

"ಅವರಿದ್ರೆ ಎಂಜಿನ್ ಇರುತ್ತೆ ಮೇಡಂ. ಹೆಡ್ ಆಫೀಸಿನವರು ಮನುಷ್ಯನ ಮುಖ ನೋಡಿ ಕೊಡೋದು."

ಪೂರ್ತಿ ಒಂದು ವರ್ಷ.

೬ ಜುಲೈ, ಭಾನುವಾರ

ಅಲ್ಲಿ ಈಗ ಸಂಜೆ ಬೇಗ ಕತ್ತಲಾಗುತ್ತದಂತೆ. ನಮ್ಮ ಶೆಡ್ಡಿನ ತಗಡಿನ ಮೇಲೆ ಇನ್ನೂ ಬಿಸಿಲಿರುವಾಗ ಅವರು ಲೈಟ್ ಹಾಕಿಕೊಂಡಿರುತ್ತಾರೆ. ಒಂದೇ ಹೊತ್ತಿನಲ್ಲೂ ನಾವಿಬ್ಬರೂ ಇಲ್ಲ.

ಇವತ್ತು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ರೀ, ನಾನು ನೆನಪಾಗ್ತೀನಾ?"

ಅದಕ್ಕೆ ಅವರು, "ಹೂಂ, ಮಳೆ ಜೋರು ಇಲ್ಲಿ."

ನಾನು ಫೋನ್ ಇಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತಾ ಕೂತೆ. ಹೊರಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಟ್ಯಾಂಕಿನಲ್ಲಿ ನೀರು ಖಾಲಿ ಆಯ್ತೇನೋ ನೋಡು" ಎಂದರು. ಅಷ್ಟೇ ಹೇಳಿ ನನ್ನ ತಲೆ ಸವರಿದರು.

೧೯ ಜುಲೈ, ಶನಿವಾರ

ಸಾಲದ ಕಾಗದ ಬಂದಿದೆ. ಎಲ್ಲ ಪುಟಕ್ಕೂ ನನ್ನ ಸಹಿ ಬೇಕು. ಇವತ್ತೂ ಹಾಕಲಿಲ್ಲ. ಶಿವಕುಮಾರ್ ಫೋನ್ ಮಾಡಿದರೆ ಒಂದು ಸಲ ಅರ್ಜಿಗೆ ಅಂಟಿಸಲು ಫೋಟೋ ಇಲ್ಲ ಎಂದೆ, ಇನ್ನೊಂದು ಸಲ ಆಷಾಢ ಕಳೆಯಲಿ ಎಂದೆ.

ನಾನು ಸಹಿ ಹಾಕದಿದ್ದರೆ ಎಂಜಿನ್ ಹೋಗುವುದಿಲ್ಲ. ಎಂಜಿನ್ ಹೋಗದಿದ್ದರೆ ಇವರು ಬರುತ್ತಾರೆ. ಶೆಡ್ಡು ಮುಚ್ಚಿದರೆ ಮುಚ್ಚಲಿ, ಬೋರ್‌ವೆಲ್ ಪಂಪ್ ರಿಪೇರಿ ಮಾಡಿಕೊಂಡು ಬದುಕುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ. ಅಷ್ಟು ಸಾಕು ನನಗೆ.

೨೯ ಜುಲೈ, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಲಿ.

ಅಲ್ಲಿ ಇವರ ಜೊತೆ ಕೆಲಸ ಮಾಡುವ ಕದಿರೇಶ್ ತಂಗಿಯ ನಿಶ್ಚಿತಾರ್ಥಕ್ಕೆಂದು ಊರಿಗೆ ಬಂದಿದ್ದಾನೆ. ಅವನದು ನಂಗಲಿ. ಮುಳಬಾಗಿಲಲ್ಲಿ ಬಸ್ ಬದಲಿಸಿ ಹೋದೆ. ಅವನ ಮೇಲೆ ಸಿಟ್ಟೂ ಇತ್ತು. ಇವನಿಗೆ ರಜೆ ಸಿಗುತ್ತದೆ, ಇವರಿಗೆ ಸಿಗುವುದಿಲ್ಲವೇ?

ಹೈವೇ ಪಕ್ಕ ಲಾರಿಗಳ ಸಾಲು. ಅವನ ಅಪ್ಪನ ಪಂಕ್ಚರ್ ಅಂಗಡಿಯ ಹಿಂದೆಯೇ ಮನೆ. ಕಾಫಿ ಕೊಟ್ಟರು. ನಾನು ನೇರವಾಗಿ ಕೇಳಿದೆ. "ನಿಮ್ಮಣ್ಣನಿಗೆ ಅಲ್ಲಿ ಯಾರಾದರೂ ಇದ್ದಾರಾ ಕದಿರೇಶ? ಇದ್ದರೆ ಹೇಳಿಬಿಡು. ಮಾತಾಡಿದ್ರೆ ಎಲ್ಲೋ ನೋಡ್ಕೊಂಡು ಉತ್ತರ ಕೊಟ್ಟ ಹಾಗೆ ಕೊಡ್ತಾರೆ."

ಅವನು ಗಾಬರಿಯಾಗಿ ಎದ್ದು ನಿಂತ. "ಅಯ್ಯೋ ಏಮಿ ಮಾಟ, ಎಂಥ ಮಾತು ಅತ್ತಿಗೆ ಅದು! ಅಣ್ಣ ಅಂಥವ್ರಾ?" ಆಮೇಲೆ ದನಿ ತಗ್ಗಿಸಿದ. "ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡವ್ರೆ."

"ಏನು?"

"ಅಣ್ಣಂಗೆ ಕೇಳ್ಸಲ್ಲ ಅತ್ತಿಗೆ."

ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿಯಲ್ಲಿ ಅರ್ಧಂಬರ್ಧ. ಎಷ್ಟೋ ವರ್ಷ ತಗಡಿನ ಶೆಡ್ಡಿನೊಳಗೆ ಎಂಜಿನ್ ಪಕ್ಕ ಬರಿಗಿವಿಯಲ್ಲಿ ನಿಂತದ್ದು, ಈಗ ಹಗಲೂ ರಾತ್ರಿ ಅದೇ. ಸೈಟಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಯಾರಿಗೂ ಗೊತ್ತಾಗಿಲ್ಲ. ಗೊತ್ತಾದರೆ ಒಳಗೆ ಬಿಡುವುದಿಲ್ಲ, ಸಾಲವೂ ನಿಲ್ಲುತ್ತದೆ. ಊರಿಗೆ ಬಂದರೆ ನನಗೆ ತಿಳಿದುಹೋಗುತ್ತದೆ. ಅದಕ್ಕೇ ರಜೆ ಹಾಕಲಿಲ್ಲ. "ಬದಲಿಗೆ ನಾನಿದ್ನಲ್ಲ, ಅಣ್ಣನೇ ಬೇಡ ಅಂದ್ರು" ಎಂದ ಕದಿರೇಶ.

"ಮತ್ತೆ ಫೋನಲ್ಲಿ?"

"ನಿಮ್ಮ ಫೋನ್ ಬಂದ್ರೆ ಕ್ಯಾಂಪ್ ಹಿಂದಕ್ಕೆ ಹೋಗಿ ಬಲಗಿವಿಗೆ ಒತ್ತಿ ಹಿಡ್ಕೊಂಡು ನಿಂತಿರ್ತಾರೆ. ನೀವು ಇಟ್ಟ ಮೇಲೂ ಸುಮಾರು ಹೊತ್ತು ಹಂಗೇ ನಿಂತಿರ್ತಾರೆ. ಏನಂದ್ರು ಅಣ್ಣಾ ಅತ್ತಿಗೆ ಅಂತ ಒಂದಿನ ಕೇಳ್ದೆ. 'ದನಿ ಬರ್ತೈತೆ ಕಣೋ, ಮಾತು ಬರ್ತಿಲ್ಲ' ಅಂದ್ರು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಾರು ಹತ್ತಿದರು, ಯಾರು ಇಳಿದರು ತಿಳಿಯಲಿಲ್ಲ. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಊರ ಹೆಸರು ಹೇಳಿದೆ.

೧ ಆಗಸ್ಟ್, ಶುಕ್ರವಾರ

ಮೂರು ದಿನದಿಂದ ಮೆಸೇಜ್ ಬರೆಯುವುದು, ಅಳಿಸುವುದು. ಕೊನೆಗೆ ಕಳಿಸಿದ್ದು ಇಷ್ಟು: ನನಗೆ ಗೊತ್ತಾಗಿದೆ. ಕದಿರೇಶನನ್ನು ಬೈಯಬೇಡಿ. ಬನ್ನಿ.

ಓದಿದ್ದಾರೆ. ಉತ್ತರವಿಲ್ಲ.

ಒತ್ತಡದಲ್ಲಿ ನೀರು ತಳ್ಳುವ ಪಂಪಿನ ಪಕ್ಕ ನಿಂತವರಿಗೆ ಹಿಂದಿನಿಂದ ಯಾರಾದರೂ ಕೂಗಿದರೆ ಕೇಳಿಸದಿದ್ದರೆ? ಇದೊಂದೇ ತಲೆಯಲ್ಲಿ ಸುತ್ತುತ್ತಿದೆ.

೩ ಆಗಸ್ಟ್, ಭಾನುವಾರ

ಉತ್ತರ ಬಂತು. "ನಾನು ಬಂದರೆ ಎರಡೂ ಎಂಜಿನ್ನಿನ ಕರಾರು ಕೈತಪ್ಪುತ್ತದೆ ಪದ್ಮಾ. ಇದೊಂದು ವರ್ಷ ತಡೆದುಕೋ. ಇಷ್ಟು ಹೋಗಿದೆ, ಇನ್ನೇನು ಹೋಗುವುದು?"

ನಾನು ಬರೆದೆ: ಇನ್ನೊಂದು ಕಿವಿ.

೬ ಆಗಸ್ಟ್, ಬುಧವಾರ

ಕೋಲಾರಕ್ಕೆ ಹೋದೆ. ಸುಮ್ಮನೆ ಸಹಿ ಹಾಕಿ ಬರಬಹುದಿತ್ತು, ಇಲ್ಲವೇ ಬೇಡ ಎಂದು ಕಾಗದ ವಾಪಸ್ ಕೊಡಬಹುದಿತ್ತು. ಹೋಗುವ ತನಕ ಎರಡರಲ್ಲಿ ಯಾವುದು ಎಂದು ನನಗೇ ಗೊತ್ತಿರಲಿಲ್ಲ. ಶಿವಕುಮಾರ್ ಎದುರು ಕೂತ ಮೇಲೆ ಬಾಯಿಗೆ ಬಂದದ್ದು ಬೇರೆ.

"ಸರ್, ನಮ್ಮ ಯಜಮಾನ್ರಿಗೆ ಕಿವಿ ಕೇಳಿಸ್ತಾ ಇಲ್ಲ. ಅವರು ವಾಪಸ್ ಬರ್ತಾರೆ. ಎಂಜಿನ್ ಹೋಗುತ್ತೆ."

ಅವರು ಪೆನ್ನು ಕೆಳಗಿಟ್ಟರು. "ಷರತ್ತು ಗೊತ್ತಲ್ಲ ಮೇಡಂ."

"ಗೊತ್ತು. ನನ್ನ ಹೆಸರು ಮೊದಲು ಹಾಕಿ, ಅವರದು ಕೆಳಗೆ. ಅಲ್ಲಿ ಕದಿರೇಶ್ ಮತ್ತೆ ಚಂದ್ರು ಸರದಿ ಮೇಲೆ ಇರ್ತಾರೆ. ತಿಂಗಳು ಅಲ್ಲಿ, ತಿಂಗಳು ಮನೇಲಿ. ಮೂರು ತಿಂಗಳಿಗೊಂದ್ಸಲ ನಾನೇ ಹೋಗಿ ಎಂಜಿನ್ ನೋಡಿ, ನಂಬರ್ ಫೋಟೋ ತೆಗೆದು, ಎಷ್ಟು ಓಡಿದೆ ಅಂತ ಬರೆದು ತರ್ತೀನಿ."

"ನೀವಾ? ಅಸ್ಸಾಮಿಗೆ?"

"ಯಾಕೆ ಸರ್, ಟ್ರೈನ್ ಹೋಗಲ್ವಾ?"

ಅವರಿಗೆ ನಗು ಬಂತು, ಆದರೆ ತಡೆದರು. "ಈಗ ಇದನ್ನ ನೀವು ಹೇಳದೆ ಇದ್ದಿದ್ರೆ ನಾಳೆಗೇ ಪಾಸ್ ಆಗೋದು. ಗೊತ್ತಾ ನಿಮಗೆ?"

"ಗೊತ್ತು ಸರ್."

ಹೆಡ್ ಆಫೀಸಿಗೆ ಬರೆಯುತ್ತೇನೆ, ಭರವಸೆ ಕೊಡುವುದಿಲ್ಲ ಎಂದರು. ಗಡಿಯಾರದ ಕಂಬದ ಹತ್ತಿರ ಕಬ್ಬಿನ ಹಾಲು ಕುಡಿದೆ. ಗ್ಲಾಸು ಎರಡೂ ಕೈಯಲ್ಲಿ ಹಿಡಿದುಕೊಂಡೆ.

೮ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಅತ್ತೆಗೆ ಎಲ್ಲ ಹೇಳಿದೆ. ಕಳಶದ ಮುಂದೆ ಕೂತು ದೀಪದ ಬತ್ತಿ ಸರಿಮಾಡಿದರು. "ಅವನ ಅಪ್ಪಂಗೂ ಕಿವಿ ಮಂದ ಇತ್ತು. ನಾನು ಜೋರಾಗಿ ಮಾತಾಡೋದು ಕಲ್ತಿದ್ದು ಹಂಗೇ. ನೀನೂ ಕಲೀತೀಯ" ಎಂದರು.

ಅಸ್ಸಾಮಿನ ಕಂಪನಿಯ ಸಾಹೇಬರಿಗೆ ಫೋನ್ ಮಾಡಿ ಸರದಿಯ ವಿಷಯ ಮಾತಾಡಿದೆ. ನನ್ನ ಹಿಂದಿ ಅವರಿಗೆ ಅರ್ಥವಾಯಿತೋ ಇಲ್ಲವೋ, "ನೋ ಪ್ರಾಬ್ಲಂ" ಎಂದರು. ಕದಿರೇಶ್ ಹೋಗುವ ತನಕ ಅಲ್ಲಿರುವ ಎಂಜಿನ್ ಕಂಪನಿಯವರೇ ನೋಡಿಕೊಳ್ಳುತ್ತಾರಂತೆ. ಕಾಗದದಲ್ಲಿ ಬರೆದು ಕಳಿಸಿ ಎಂದೆ. ಕಳಿಸಿದರು.

೧೪ ಆಗಸ್ಟ್, ಗುರುವಾರ

ಎಂಜಿನ್ ಓಡಿಸಿ ನೋಡಿದೆವು. ಮೊದಲ ಸಲ ಸ್ಟಾರ್ಟ್ ಆಗಲಿಲ್ಲ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಚಂದ್ರು ಗಾಳಿ ತೆಗೆದ. ಎರಡನೆಯ ಸಲ ಕಪ್ಪು ಹೊಗೆ ಉಗುಳಿ ಎದ್ದಿತು. ಬೆಂಗಳೂರಿಂದ ತರಿಸಿದ್ದ ಕಿವಿ ಕವಚ ಎಲ್ಲರಿಗೂ ಹಾಕಿಸಿದೆ. ಚಂದ್ರು ಹೆಡ್‌ಫೋನ್ ಹಾಕಿದ ಹಾಗಾಯಿತು ಅಂತ ನಕ್ಕ, ತೆಗೆದರೆ ಸಂಬಳ ಇಲ್ಲ ಎಂದೆ. ಮಧ್ಯಾಹ್ನದ ಹೊತ್ತಿಗೆ ಹೊಗೆ ತಿಳಿಯಾಯಿತು. ಆಯಿಲ್ ಪ್ರೆಷರ್ ಮುಳ್ಳು ಒಂದೇ ಕಡೆ ನಿಂತಿತು. ಅದನ್ನೇ ನೋಡುತ್ತಾ ಊಟ ಮರೆತೆ. ಎಂಜಿನ್ನಿನ ನೀರಿನ ಪಂಪಿನ ಒಂದು ಸೀಲು ಸೋರುತ್ತಿದೆ, ಸೋಮವಾರ ಬದಲಿಸಬೇಕು. ಲಾರಿಯವನಿಗೆ ಮಾತು ಕೊಟ್ಟಾಯಿತು. ಇನ್ಶೂರೆನ್ಸ್ ಬಾಕಿ.

೧೮ ಆಗಸ್ಟ್, ಸೋಮವಾರ

ಸಾಲ ಪಾಸಾಯಿತು. ಕೇಳಿದ್ದಕ್ಕಿಂತ ಕಡಿಮೆ, ಉಳಿದದ್ದು ಡೀಲರಿಗೆ ಕಂತಿನಲ್ಲಿ ಕೊಡಬೇಕು. ಒಂದು ಷರತ್ತು ಹೊಸದು: ಎಂಜಿನ್ ಅಲ್ಲಿ ಇಳಿದು ಓಡುವ ದಿನ ಸಾಲಗಾರರು, ಅಂದರೆ ನಾನು, ಅಲ್ಲೇ ಇದ್ದು ಸಹಿ ಮಾಡಬೇಕು.

ಎಲ್ಲ ಪುಟಕ್ಕೂ ಸಹಿ ಹಾಕಿದೆ. ಕೊನೆಯ ಪುಟದ ಹೊತ್ತಿಗೆ ನನ್ನ ಹೆಸರು ನನಗೇ ವಿಚಿತ್ರವಾಗಿ ಕಂಡಿತು. ಆ ಪುಟದ ಫೋಟೋ ಇವರಿಗೆ ಕಳಿಸಿದೆ, ಟಿಕೆಟ್ ಮಾಡಿಸುತ್ತೇನೆ ಎಂದು ಬರೆದರು. ಸೀಲು ಬದಲಿಸಿದೆವು, ಸೋರುತ್ತಿಲ್ಲ.

೨೪ ಆಗಸ್ಟ್, ಭಾನುವಾರ

ಬಂದರು.

ಬೆಂಗಳೂರಲ್ಲಿ ಇಳಿದು ಲೋಕಲ್ ಟ್ರೈನಿನಲ್ಲಿ ಬಂದರು. ನಾನೂ ಮೇಘನಳೂ ಮಾಲೂರು ಸ್ಟೇಷನ್ನಿಗೆ ಹೋಗಿದ್ದೆವು. ಅವರು ಹಿಂದಿನ ಡಬ್ಬಿಯಿಂದ ಇಳಿದು ಬೆನ್ನು ಮಾಡಿಕೊಂಡು ಆ ಕಡೆ ನೋಡುತ್ತಿದ್ದರು. "ಅಪ್ಪಾ!" ಎಂದು ಮೇಘನ ಕೂಗಿದಳು. ಜನವೆಲ್ಲ ತಿರುಗಿದರು, ಅವರು ತಿರುಗಲಿಲ್ಲ. ಅವಳು ನನ್ನ ಮುಖ ನೋಡಿದಳು. ಹೋಗಿ ಮುಂದೆ ನಿಂತುಕೋ ಎಂದೆ. ಓಡಿ ಹೋಗಿ ಮುಂದೆ ನಿಂತಳು.

ತೆಳ್ಳಗಾಗಿದ್ದಾರೆ. ಕತ್ತು ಕಪ್ಪಾಗಿದೆ. ನಾನು ಹೇಳಬೇಕು ಎಂದುಕೊಂಡದ್ದು ಎಷ್ಟೋ ಇತ್ತು. ಆ ಜನದ ಮಧ್ಯೆ ಕೂಗಿ ಹೇಳುವುದು ಹೇಗೆ? ಅವರ ಬ್ಯಾಗ್ ತೆಗೆದುಕೊಳ್ಳಲು ಹೋದೆ. ಅವರು ಕೊಡಲಿಲ್ಲ. ಇಬ್ಬರೂ ಒಂದೊಂದು ಹಿಡಿ ಹಿಡಿದುಕೊಂಡು ಆಟೋ ತನಕ ನಡೆದೆವು.

೨೬ ಆಗಸ್ಟ್, ಮಂಗಳವಾರ

ಕೋಲಾರದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆವು. ಎಡಗಿವಿಯ ಆಸೆ ಬಿಡಿ ಎಂದರು. ಬಲಗಿವಿಗೆ ಮೆಷಿನ್ ಹಾಕಿದರು. ಇವರು ಬೆಚ್ಚಿಬಿದ್ದು, ಫ್ಯಾನ್ ಇಷ್ಟು ಸದ್ದು ಮಾಡುತ್ತಾ ಎಂದು ಕೇಳಿದರು. ಇನ್ನು ಮೇಲೆ ಎಂಜಿನ್ ಹತ್ತಿರ ಹೋಗಲೇಬಾರದು ಎಂದು ಡಾಕ್ಟರು ಹೇಳಿದಾಗ ಮಾತ್ರ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡರು.

ದಾರಿಯಲ್ಲಿ, "ಅಲ್ಲಿ ಬೆಳಿಗ್ಗೆ ಮಂಜಲ್ಲಿ ಎಂಜಿನ್ ಮೇಲೆ ಕೈ ಇಟ್ಟರೆ ಹಸು ಮೈ ಮುಟ್ಟಿದ ಹಾಗಿರೋದು ಪದ್ಮಾ" ಎಂದರು. ನನ್ನನ್ನು ನೋಡುತ್ತಿರಲಿಲ್ಲ. ನಾನು ಇಷ್ಟು ತಿಂಗಳು ಕಿಟಕಿಯಲ್ಲಿ ಕೂತು ಉತ್ತರದ ಕಡೆ ನೋಡುತ್ತಿದ್ದೆನಲ್ಲ, ಹಾಗೇ ನೋಡುತ್ತಿದ್ದರು.

೩೦ ಆಗಸ್ಟ್, ಶನಿವಾರ

ಶೆಡ್ಡಿನಲ್ಲಿ ಚಂದ್ರು ಏನಿದ್ದರೂ ನನ್ನನ್ನೇ ಕೇಳುತ್ತಾನೆ, ಅಭ್ಯಾಸ. ಇವರು ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಇವತ್ತು ಲಾರಿಗೆ ಏರಿಸುವಾಗ ಕ್ರೇನಿನವನು ಹಗ್ಗ ತಪ್ಪು ಕಡೆ ಕಟ್ಟಿದ್ದ. ನಾನು ಕೂಗಿ ನಿಲ್ಲಿಸಿ ಬಿಚ್ಚಿಸಿದೆ. ತಿರುಗಿ ನೋಡಿದರೆ ಇವರು ಅರ್ಧ ಎದ್ದಿದ್ದವರು ಮತ್ತೆ ಕೂತುಕೊಳ್ಳುತ್ತಿದ್ದರು.

ಮಧ್ಯಾಹ್ನ ಅವರ ಜೊತೆ ಊಟಕ್ಕೆ ಕೂರಬೇಕು ಎಂದುಕೊಂಡಿದ್ದೆ. ಇನ್ಶೂರೆನ್ಸಿನವನು ಬಂದುಬಿಟ್ಟ.

೧ ಸೆಪ್ಟೆಂಬರ್, ಸೋಮವಾರ

ಲಾರಿ ಹೊರಟಿತು. ಡ್ರೈವರ್ ಪಕ್ಕ ಕದಿರೇಶ್. ನಂಗಲಿವರೆಗೆ ಹೋಗಿ ಬರೋಣ ಎಂದು ಇವರೇ ಕೇಳಿದರು. ಬೈಕಿನಲ್ಲಿ ಹಿಂದೆ ಹಿಂದೆಯೇ ಹೋದೆವು. ಟಾರ್ಪಾಲು ಮುಚ್ಚಿದ ಎಂಜಿನ್ ಮುಳಬಾಗಿಲು ದಾಟುವಾಗ ಬಿಸಿಲು ಇಳಿಯುತ್ತಿತ್ತು.

ನಂಗಲಿಯಲ್ಲಿ ಕದಿರೇಶನ ಅಮ್ಮ ಮಗನಿಗೆ ಬುತ್ತಿ ಕೊಟ್ಟರು. ಲಾರಿ ಆಂಧ್ರದ ಕಡೆ ಹೊರಟು ತಿರುವಿನಲ್ಲಿ ಮರೆಯಾಯಿತು. ಇವರು ರಸ್ತೆಯನ್ನೇ ನೋಡುತ್ತಾ ನಿಂತರು. ನಾನು ಪಕ್ಕಕ್ಕೆ ಹೋಗಿ ನಿಂತೆ. ಗುರುವಾರ ನನ್ನ ಟ್ರೈನು. ಸ್ವೆಟರ್ ಬೇಕೋ ಬೇಡವೋ, ಮೇಘನಳ ಪರೀಕ್ಷೆ ಯಾವಾಗ, ಆ ಸಾಹೇಬರಿಗೆ ಇನ್ನೊಂದು ಸಲ ಫೋನ್ ಮಾಡಬೇಕು ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು.

"ನೀನು ಬರೋದು ಎಷ್ಟು ದಿನ ಆಗುತ್ತೆ?" ಎಂದರು.

"ಎಲ್ಲ ಸರಿ ಹೋದ್ರೆ ದಸರಾಗೆ ಮುಂಚೆ ಬಂದುಬಿಡ್ತೀನಿ ರೀ."

ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಏನು? ಇನ್ನೊಂದ್ಸಲ ಹೇಳು."

ಲಾರಿಗಳ ಸದ್ದು ಜೋರಾಗಿತ್ತು. ಮೆಷಿನ್ನಿನ ಬ್ಯಾಟರಿ ಮುಗಿಯಿತೇನೋ ಎಂದು ಹತ್ತಿರ ಹೋಗಿ ಬಲಗಿವಿಗೆ ಬಾಯಿಟ್ಟು ಬಿಡಿಸಿ ಬಿಡಿಸಿ ಹೇಳಿದೆ. "ದಸರಾಗೆ ಮುಂಚೆ ಬಂದುಬಿಡ್ತೀನಿ. ಕೇಳಿಸ್ತಾ?"

"ಮೊದಲ್ನೇ ಸಲಾನೇ ಕೇಳಿಸ್ತು" ಎಂದರು.